ಹೊಸ ಕಂಪ್ಯೂಟರ್ ಚಾಲೂ ಆಗದಿದ್ದರೆ: ಬೆಂಗಳೂರಿನ ಬಸ್ಸು ಹತ್ತುವ ಮುನ್ನ ಮನೆಯಲ್ಲೇ ನೋಡಬೇಕಾದುದು

ಹಿಂದೂಪುರ, ಲೇಪಾಕ್ಷಿ, ಮಡಕಶಿರಾ ಭಾಗದ ಕನ್ನಡ ಮಾಧ್ಯಮದ ಮನೆಗಳಲ್ಲಿ ಮಕ್ಕಳು ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಕಂಪ್ಯೂಟರ್ ಕೊಳ್ಳುವ ಮಾತು ಬರುತ್ತದೆ. ಸಿದ್ಧ ಯಂತ್ರಕ್ಕೆ ಕೊಡುವ ಹಣದಲ್ಲಿ ಅದಕ್ಕಿಂತ ಉತ್ತಮವಾದುದನ್ನು ಬಿಡಿಭಾಗಗಳಿಂದ ಜೋಡಿಸಿಕೊಳ್ಳಬಹುದೆಂದು ಯಾರೋ ಹೇಳುತ್ತಾರೆ. ಅದು ಬಹುಮಟ್ಟಿಗೆ ನಿಜವೂ ಹೌದು. ಹಿಂದೂಪುರದಿಂದ ಸುಮಾರು 100 ಕಿ.ಮೀ. ದೂರದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತಂದ ಪೆಟ್ಟಿಗೆಗಳನ್ನು ಮನೆಯಲ್ಲಿ ಬಿಚ್ಚಿ, ಮೊಬೈಲಿನಲ್ಲಿ ದೃಶ್ಯಗಳನ್ನು ನೋಡುತ್ತ ಜೋಡಿಸಿ, ಕೊನೆಗೆ ಗುಂಡಿ ಒತ್ತಿದಾಗ ಏನೂ ಆಗುವುದಿಲ್ಲ. ಮನೆಯವರ ಮುಖ ಬಾಡುತ್ತದೆ, ಜೋಡಿಸಿದ ಹುಡುಗ ಅಥವಾ ಹುಡುಗಿ ತಲೆ ತಗ್ಗಿಸುತ್ತಾರೆ, ಮರುದಿನ ಎಲ್ಲವನ್ನೂ ಮತ್ತೆ ಪೆಟ್ಟಿಗೆಗೆ ತುಂಬಿ ಬೆಂಗಳೂರಿಗೆ ಹೊರಡುವ ಸಿದ್ಧತೆ ನಡೆಯುತ್ತದೆ.

ಆ ಪ್ರಯಾಣಕ್ಕೆ ಒಂದು ದಿನದ ಕೂಲಿ, ಇಬ್ಬರ ಬಸ್ ದರ ಖರ್ಚಾಗುತ್ತದೆ. ಕಲ್ಯಾಣದುರ್ಗದ ಕಡೆಯವರಿಗಂತೂ ಒಂದು ದಿನದಲ್ಲಿ ಹೋಗಿಬರುವುದೇ ಕಷ್ಟ. ಹೊಸದಾಗಿ ಜೋಡಿಸಿದ ಯಂತ್ರ ಚಾಲೂ ಆಗದಿರುವುದಕ್ಕೆ ಭಾಗವೊಂದು ಸತ್ತಿರುವುದು ಅಪರೂಪದ ಕಾರಣ. ಯಾವುದೋ ಒಂದು ತಂತಿ ಕೂರದಿರುವುದು, ರ‍್ಯಾಮ್ ಅರ್ಧ ಮಾತ್ರ ಒಳಹೋಗಿರುವುದು, ಮಾನಿಟರಿನ ಕೇಬಲ್ ತಪ್ಪು ಕಿಂಡಿಯಲ್ಲಿರುವುದು ಸಾಮಾನ್ಯ ಕಾರಣ. ಇವನ್ನು ಮನೆಯಲ್ಲೇ, ಒಂದು ನಕ್ಷತ್ರಮುಖದ ಸ್ಕ್ರೂ ಡ್ರೈವರ್ ಮತ್ತು ಒಂದೆರಡು ಗಂಟೆಗಳ ಸಮಾಧಾನ ಇದ್ದರೆ ಪತ್ತೆ ಮಾಡಬಹುದು. ಯಂತ್ರದೊಡನೆ ಬರುವ ಕೈಪಿಡಿಗಳು ಇಂಗ್ಲಿಷಿನಲ್ಲಿರುತ್ತವೆ, ಊರಿನ ಅಂಗಡಿಯವರ ವಿವರಣೆ ತೆಲುಗಿನಲ್ಲಿರುತ್ತದೆ. ಆದ್ದರಿಂದ ಈ ಪರಿಶೀಲನೆಯ ಕ್ರಮವನ್ನು ಕನ್ನಡದಲ್ಲಿ ಒಂದೆಡೆ ಇಡುತ್ತಿದ್ದೇವೆ.

ಗುಂಡಿ ಒತ್ತಿದಾಗ ಒಳಗೆ ನಡೆಯುವುದೇನು

ಗೋಡೆಯ ಸ್ವಿಚ್ ಹಾಕಿದ ಕ್ಷಣದಿಂದಲೇ ಎಸ್‌ಎಂಪಿಎಸ್, ಅಂದರೆ ವಿದ್ಯುತ್ ಒದಗಿಸುವ ಪೆಟ್ಟಿಗೆ, ಮದರ್‌ಬೋರ್ಡಿಗೆ 5 ವೋಲ್ಟ್‌ಗಳ ಸಣ್ಣ ಕಾವಲು ವಿದ್ಯುತ್ತನ್ನು ಕೊಡುತ್ತಿರುತ್ತದೆ. ಕ್ಯಾಬಿನೆಟ್ಟಿನ ಗುಂಡಿ ನೇರವಾಗಿ ಯಂತ್ರವನ್ನು ಹೊತ್ತಿಸುವುದಿಲ್ಲ. ಅದು ಬೋರ್ಡಿಗೆ ಒಂದು ಸಂಜ್ಞೆಯನ್ನಷ್ಟೇ ಕೊಡುತ್ತದೆ. ಬೋರ್ಡು ಎಸ್‌ಎಂಪಿಎಸ್‌ಗೆ ಹೇಳುತ್ತದೆ, ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟ್‌ಗಳ ಧಾರೆಗಳನ್ನು ಹರಿಸಿ, ಅವು ಸ್ಥಿರವಾದ ಮೇಲೆ, ಅಂದರೆ ಅರ್ಧ ಸೆಕೆಂಡಿನೊಳಗೆ, ‘ಸರಿಯಿದೆ’ ಎಂಬ ಸಂಜ್ಞೆಯನ್ನು ಹಿಂದಿರುಗಿಸುತ್ತದೆ. ಅದು ತಲುಪಿದ ಮೇಲೆಯೇ ಪ್ರೊಸೆಸರ್ ಎಚ್ಚರಗೊಂಡು ಬಯೋಸ್ ಎಂಬ ಮೂಲ ತಂತ್ರಾಂಶವನ್ನು ಓದುತ್ತದೆ. ರ‍್ಯಾಮ್ ಇದೆಯೇ, ಚಿತ್ರ ತೋರಿಸುವ ಸಾಧನ ಇದೆಯೇ, ಸಂಗ್ರಹ ಸಾಧನ ಇದೆಯೇ ಎಂದು ಒಂದೊಂದಾಗಿ ಪರೀಕ್ಷಿಸುತ್ತದೆ. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಈ ಸ್ವಯಂಪರೀಕ್ಷೆ ಯಶಸ್ವಿಯಾದಾಗ ‘ಬೀಪ್’ ಎಂದು ಒಮ್ಮೆ ಸದ್ದಾಗುತ್ತಿತ್ತು. ಇಂದಿನ ಯಂತ್ರಗಳೂ ಮೂಲತಃ ಅದೇ ಸರಪಳಿಯಲ್ಲಿ ನಡೆಯುತ್ತವೆ.

ಸರಪಳಿಯ ಯಾವ ಕೊಂಡಿಯಲ್ಲಿ ಯಂತ್ರ ನಿಂತಿದೆಯೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ‘ಆನ್ ಆಗುತ್ತಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಸ್ಥಿತಿಗಳಿವೆ. ಮೊದಲನೆಯದು, ಫ್ಯಾನ್ ತಿರುಗದ, ದೀಪ ಬೆಳಗದ ಪೂರ್ಣ ಮೌನ. ಎರಡನೆಯದು, ಫ್ಯಾನ್ ತಿರುಗುತ್ತಿದ್ದರೂ ಪರದೆ ಕಪ್ಪಾಗಿರುವುದು. ಮೂರನೆಯದು, ಪರದೆಯ ಮೇಲೆ ಅಕ್ಷರಗಳು ಬಂದರೂ ವಿಂಡೋಸ್ ಬಾರದಿರುವುದು. ಅಂಗಡಿಗೆ ಫೋನ್ ಮಾಡಿದಾಗಲೂ ಈ ಮೂರರಲ್ಲಿ ಯಾವುದೆಂದು ಹೇಳಿದರೆ ಉತ್ತರ ಬೇಗ ಸಿಗುತ್ತದೆ.

ಪೂರ್ಣ ಮೌನ

ಪರಿಶೀಲನೆ ಗೋಡೆಯಿಂದಲೇ ಆರಂಭವಾಗಲಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ವಿದ್ಯುತ್ ಇದೆಯೇ ನೋಡಬೇಕು. ಎಸ್‌ಎಂಪಿಎಸ್‌ನ ಬೆನ್ನಿನಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಒಂದು ಕಡೆ ಅಡ್ಡಗೆರೆ, ಇನ್ನೊಂದು ಕಡೆ ಸೊನ್ನೆ. ಗೆರೆಯ ಕಡೆ ಒತ್ತಿರಬೇಕು. ಎಷ್ಟೋ ಯಂತ್ರಗಳ ‘ಕಾಯಿಲೆ’ ಇಲ್ಲೇ ವಾಸಿಯಾಗುತ್ತದೆ. ಕೆಲವು ಹಳೆಯ ಅಥವಾ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಕೂಡ ಇರುತ್ತದೆ. ಭಾರತದಲ್ಲಿ ಅದು ಯಾವಾಗಲೂ 230ರಲ್ಲಿರಬೇಕು. 115ರಲ್ಲಿಟ್ಟು ವಿದ್ಯುತ್ ಕೊಟ್ಟರೆ ಎಸ್‌ಎಂಪಿಎಸ್ ಸುಟ್ಟುಹೋಗುತ್ತದೆ. ಆದ್ದರಿಂದ ಪ್ಲಗ್ ಹಾಕುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ನಮ್ಮ ಹಳ್ಳಿಗಳಲ್ಲಿ ಭೂಸಂಪರ್ಕದ, ಅಂದರೆ ಅರ್ಥಿಂಗಿನ, ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಗೆ ಗೋಡೆಯೊಳಗೆ ತಂತಿಯೇ ಇಲ್ಲದ ಮನೆಗಳಿವೆ. ಅಂಥ ಮನೆಯಲ್ಲಿ ಕ್ಯಾಬಿನೆಟ್ಟಿನ ಲೋಹ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್ ಒಳಗಿನ ಶೋಧಕ ಕೆಪಾಸಿಟರುಗಳ ಮೂಲಕ ಹೊರಬರುವ ಅತ್ಯಲ್ಪ ವಿದ್ಯುತ್ತಿಗೆ ನೆಲಕ್ಕಿಳಿಯುವ ದಾರಿ ಇಲ್ಲದೆ ಅದು ಕ್ಯಾಬಿನೆಟ್ಟಿನಲ್ಲಿ ನಿಲ್ಲುವುದೇ ಇದಕ್ಕೆ ಸಾಮಾನ್ಯ ಕಾರಣ. ‘ಕಂಪ್ಯೂಟರ್ ಎಂದರೆ ಹಾಗೇ’ ಎಂದು ಬಿಟ್ಟುಬಿಡುವ ರೂಢಿ ನಮಗೆ ಸರಿಕಾಣುವುದಿಲ್ಲ. ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಟ್ಟವರು ಎಲೆಕ್ಟ್ರೀಷಿಯನ್‌ನನ್ನು ಕರೆಸಿ ಅರ್ಥಿಂಗ್ ಹಾಕಿಸಿಕೊಳ್ಳುವುದು ಮಕ್ಕಳ ಸುರಕ್ಷತೆಗಾಗಿಯಾದರೂ ಅಗತ್ಯ. ಬೋರ್‌ವೆಲ್ ಮೋಟಾರುಗಳು ಓಡುವ ಹೊತ್ತಿನಲ್ಲಿ ವೋಲ್ಟೇಜ್ ಇಳಿಯುವ ಊರುಗಳಲ್ಲಿ ಒಂದು ಯುಪಿಎಸ್ ಕೂಡ ಬೇಕಾದೀತು.

ಗೋಡೆಯಿಂದ ಪೆಟ್ಟಿಗೆಯವರೆಗೆ ಎಲ್ಲ ಸರಿಯಿದ್ದರೆ, ಪ್ಲಗ್ ಕಿತ್ತು ಕ್ಯಾಬಿನೆಟ್ ತೆರೆಯಬೇಕು. ಒಳಗೆ ಕೈಹಾಕುವ ಪ್ರತಿ ಬಾರಿಯೂ ಪ್ಲಗ್ ಕಿತ್ತಿರಬೇಕು, ಬಣ್ಣ ಬಳಿಯದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ದೇಹದ ಸ್ಥಿರವಿದ್ಯುತ್ತನ್ನು ಇಳಿಸಿಕೊಳ್ಳಬೇಕು. ನಮ್ಮ ಒಣ ಹವೆಯಲ್ಲಿ ಇದು ಬರಿಯ ಶಾಸ್ತ್ರವಲ್ಲ. ಮೊದಲು ನೋಡಬೇಕಾದದ್ದು 24 ಪಿನ್ನುಗಳ ಅಗಲವಾದ ಜೋಡಣೆ. ಅದರ ಪಕ್ಕದ ಕೊಕ್ಕೆ ‘ಟಕ್’ ಎಂದು ಕೂರುವವರೆಗೆ ಒತ್ತಿರಬೇಕು. ಹೊಸ ಬೋರ್ಡುಗಳಲ್ಲಿ ಅದು ಬಹಳ ಬಿಗಿ, ಹೆದರಿ ಅರ್ಧಕ್ಕೆ ನಿಲ್ಲಿಸುವವರೇ ಹೆಚ್ಚು. ಅನಂತರ ಗುಂಡಿಯ ತಂತಿ. ಕ್ಯಾಬಿನೆಟ್ಟಿನ ಮುಂಭಾಗದಿಂದ ಬರುವ ತೆಳ್ಳನೆಯ ತಂತಿಗಳಲ್ಲಿ ‘ಪವರ್ ಎಸ್‌ಡಬ್ಲ್ಯು’ ಎಂದು ಇಂಗ್ಲಿಷಿನಲ್ಲಿ ಬರೆದದ್ದು ಬೋರ್ಡಿನ ಮೂಲೆಯ ಸಾಲು ಪಿನ್ನುಗಳಲ್ಲಿ ಸರಿಯಾದ ಎರಡರ ಮೇಲೆ ಕೂತಿರಬೇಕು. ಯಾವ ಎರಡು ಎಂಬುದರ ಚಿತ್ರ ಕೈಪಿಡಿಯಲ್ಲಿರುತ್ತದೆ. ಈ ತಂತಿಗೆ ಧನ–ಋಣದ ಭೇದವಿಲ್ಲ, ತಿರುಗಿಸಿ ಹಾಕಿದರೂ ಕೆಲಸ ಮಾಡುತ್ತದೆ. ದೀಪದ ತಂತಿಗಳಿಗೆ ಮಾತ್ರ ಆ ಭೇದ ಉಂಟು. ಗುಂಡಿಯೇ ಕೆಟ್ಟಿದೆಯೋ ಎಂಬ ಅನುಮಾನ ಬಂದರೆ ಆ ತಂತಿಯನ್ನು ತೆಗೆದು, ವಿದ್ಯುತ್ ಕೊಟ್ಟು, ಅದೇ ಎರಡು ಪಿನ್ನುಗಳನ್ನು ಸ್ಕ್ರೂ ಡ್ರೈವರಿನ ತುದಿಯಿಂದ ಒಂದು ಕ್ಷಣ ಒಟ್ಟಿಗೆ ಮುಟ್ಟಿಸಬೇಕು. ಗುಂಡಿ ಮಾಡುವುದೂ ಅಷ್ಟೇ. ಯಂತ್ರ ಹೊತ್ತಿಕೊಂಡರೆ ತಪ್ಪು ಗುಂಡಿಯದು ಅಥವಾ ಅದರ ತಂತಿಯದು. ಬೇರೆ ಯಾವುದನ್ನೂ ಬಿಚ್ಚಬೇಕಾಗಿಲ್ಲ.

ಆಗಲೂ ಮೌನವಾದರೆ ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸಬೇಕು. 24 ಪಿನ್ನುಗಳ ಜೋಡಣೆಯಲ್ಲಿ ಒಂದೇ ಒಂದು ಹಸಿರು ತಂತಿ ಇರುತ್ತದೆ. ಎಸ್‌ಎಂಪಿಎಸ್ಸನ್ನು ಎಲ್ಲ ಭಾಗಗಳಿಂದ ಬಿಡಿಸಿ, ಪ್ಲಗ್ ಕಿತ್ತಿರುವಾಗಲೇ, ಹಸಿರು ಕಿಂಡಿಯನ್ನೂ ಯಾವುದಾದರೊಂದು ಕಪ್ಪು ಕಿಂಡಿಯನ್ನೂ ಒಂದು ತಂತಿಯ ತುಂಡಿನಿಂದ ಸೇರಿಸಿ, ಆಮೇಲೆ ವಿದ್ಯುತ್ ಕೊಟ್ಟರೆ ಅದರ ಫ್ಯಾನ್ ತಿರುಗಬೇಕು. ತಿರುಗಿತೆಂದ ಮಾತ್ರಕ್ಕೆ ಅದು ಪೂರ್ತಿ ಆರೋಗ್ಯವಾಗಿದೆ ಎಂದಲ್ಲ; ತಿರುಗದಿದ್ದರೆ ಮಾತ್ರ ಅನುಮಾನ ಗಟ್ಟಿ. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ತಂತಿಗಳೂ ಕಪ್ಪಗಿದ್ದರೆ ಈ ಪರೀಕ್ಷೆ ಬೇಡ. ಊರಿನ ರಿಪೇರಿ ಅಂಗಡಿಯಲ್ಲಿ ಮೀಟರ್ ಹಿಡಿದು ನೋಡಿಸುವುದು ಮೇಲು. ಇದನ್ನೂ ಸ್ಕ್ರೂ ಡ್ರೈವರಿನ ಪರೀಕ್ಷೆಯನ್ನೂ ಹಿರಿಯರು ಮಾಡಲಿ, ಮಕ್ಕಳು ನೋಡಲಿ. ಎಸ್‌ಎಂಪಿಎಸ್‌ನ ಹೊದಿಕೆಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳು ಅಪಾಯಕಾರಿ ವಿದ್ಯುತ್ತನ್ನು ಹಿಡಿದಿಟ್ಟಿರುತ್ತವೆ.

ಹಿತ್ತಾಳೆಯ ಪುಟ್ಟ ಕಂಬಗಳು

ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ನೆಲಕ್ಕೆ ಪೂರ್ತಿ ತಾಗದ ಕಂಬದ ಕೆಳಗೆ ಬಟ್ಟೆ ತೂರಿಸಿ ನೋಡದ ನಮ್ಮ ಮಕ್ಕಳಿಲ್ಲ. ಮದರ್‌ಬೋರ್ಡಿಗೂ ಕ್ಯಾಬಿನೆಟ್ಟಿನ ಲೋಹದ ಹಲಗೆಗೂ ನಡುವೆ ಇರಬೇಕಾದದ್ದು ಅಂಥದೇ ಒಂದು ಕಿರಿದಾದ ಬಯಲು. ಆ ಅಂತರವನ್ನು ಕಾಯುವುದು ಸ್ಟ್ಯಾಂಡ್‌ಆಫ್ ಎನ್ನುವ ಹಿತ್ತಾಳೆಯ ಪುಟ್ಟ ಕಂಬಗಳು. ಬೋರ್ಡಿನಲ್ಲಿ ಸ್ಕ್ರೂ ಹಾಕುವ ರಂಧ್ರಗಳಿರುವ ಕಡೆ ಮಾತ್ರ ಅವು ಇರಬೇಕು. ರಂಧ್ರವಿಲ್ಲದ ಕಡೆ ಒಂದು ಕಂಬ ಉಳಿದುಹೋದರೆ ಅದು ಬೋರ್ಡಿನ ಬೆನ್ನಿನ ಬೆಸುಗೆಗಳನ್ನು ಮುಟ್ಟಿ ಶಾರ್ಟ್ ಮಾಡುತ್ತದೆ; ಯಂತ್ರ ಒಂದು ಕ್ಷಣ ಮಿಣುಕಿ ನಿಲ್ಲುತ್ತದೆ, ಅಥವಾ ಮಿಣುಕುವುದೂ ಇಲ್ಲ. ಒಳಗೆ ಬಿದ್ದುಹೋದ ಒಂಟಿ ಸ್ಕ್ರೂ ಕೂಡ ಇದೇ ಕೆಲಸ ಮಾಡೀತು.

ಇದನ್ನು ಖಚಿತಪಡಿಸಿಕೊಳ್ಳಲು ಬೋರ್ಡನ್ನು ಹೊರತೆಗೆದು, ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಚಾಲೂ ಮಾಡಿ ನೋಡಬೇಕು. ಬೋರ್ಡಿಗೆ ಸುತ್ತಿದ್ದ ಹೊಳೆಯುವ ಚೀಲದ ಮೇಲೆ ಇಡಬಾರದು. ಅದರ ಹೊರಮೈ ವಿದ್ಯುತ್ತನ್ನು ಹರಿಸಬಲ್ಲದು. ರಟ್ಟಿನ ಮೇಲೆ ಪ್ರೊಸೆಸರ್, ಅದರ ತಂಪುಕಾರಕ, ಒಂದೇ ರ‍್ಯಾಮ್, ಎಸ್‌ಎಂಪಿಎಸ್ ಇಷ್ಟು ಸಾಕು. ಅಲ್ಲಿ ಓಡುವ ಯಂತ್ರ ಕ್ಯಾಬಿನೆಟ್ಟಿನೊಳಗೆ ಓಡದಿದ್ದರೆ ತಪ್ಪು ಎಲ್ಲಿದೆ ಎಂಬುದು ತಾನಾಗಿ ಗೊತ್ತಾಯಿತು.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಹೊಸ ಯಂತ್ರಗಳಲ್ಲಿ ಅತಿ ಹೆಚ್ಚು ಕಾಣುವ ಸ್ಥಿತಿ ಇದು. ಕಾರಣಗಳೂ ಹೆಚ್ಚು.

ಮೊದಲ ಕಾರಣವನ್ನು ಯಂತ್ರ ಕೊಳ್ಳುವ ದಿನವೇ ತಿಳಿದಿರಬೇಕಿತ್ತು. ಎಲ್ಲ ಪ್ರೊಸೆಸರುಗಳಲ್ಲೂ ಚಿತ್ರ ತೋರಿಸುವ ಶಕ್ತಿ ಇರುವುದಿಲ್ಲ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ, ಉದಾಹರಣೆಗೆ 12400ಎಫ್, ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಎಎಂಡಿಯ ರೈಜನ್ 5 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಹಾಕಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ಮಾನಿಟರನ್ನು ಬೋರ್ಡಿನ ಎಚ್‌ಡಿಎಂಐ ಕಿಂಡಿಗೆ ಸೇರಿಸಿದರೆ ಎಷ್ಟು ದಿನ ಕಾದರೂ ಚಿತ್ರ ಬಾರದು. ‘ಎಫ್’ ಇರುವುದು ಕೆಲವು ಸಾವಿರ ರೂಪಾಯಿ ಅಗ್ಗ ಎಂದು ಮಾರುವವರು ಉಳಿದ ಅರ್ಧ ಸತ್ಯವನ್ನೂ ಹೇಳಿದ್ದರೆ ಎಷ್ಟೋ ಕುಟುಂಬಗಳಿಗೆ ಒಂದು ಪ್ರಯಾಣ ಉಳಿಯುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡಿನ ಕಿಂಡಿಗೇ ಹೋಗಬೇಕು, ಬೋರ್ಡಿನ ಕಿಂಡಿಗಲ್ಲ. ಮಾನಿಟರಿನಲ್ಲಿ ಎಚ್‌ಡಿಎಂಐ ಅಥವಾ ವಿಜಿಎ ಎಂಬ ಆಯ್ಕೆ ಸರಿಯಿದೆಯೇ ಎಂಬುದನ್ನೂ ನೋಡಬೇಕು.

ಎರಡನೆಯದು ಪ್ರೊಸೆಸರಿನ ಪ್ರತ್ಯೇಕ ವಿದ್ಯುತ್ ತಂತಿ. ಬೋರ್ಡಿನ ಮೇಲ್ಮೂಲೆಯಲ್ಲಿ 4 ಅಥವಾ 8 ಪಿನ್ನುಗಳ ಕಿಂಡಿ ಇರುತ್ತದೆ. ಅದು ಕ್ಯಾಬಿನೆಟ್ಟಿನ ಮರೆಯಲ್ಲಿ ಕಾಣುವುದೇ ಇಲ್ಲ. ಅದನ್ನು ಬಿಟ್ಟರೆ ಫ್ಯಾನುಗಳು ಸೊಗಸಾಗಿ ತಿರುಗುತ್ತವೆ, ಪ್ರೊಸೆಸರ್ ಮಾತ್ರ ಮಲಗಿರುತ್ತದೆ. ಗ್ರಾಫಿಕ್ಸ್ ಕಾರ್ಡಿನ ತಂತಿಯಲ್ಲೂ 8 ಪಿನ್ನುಗಳಿರಬಹುದು. ಆದರೆ ಎರಡರ ಆಕಾರ ಬೇರೆ, ಒಳಗಿನ ಧ್ರುವಗಳ ಕ್ರಮವೂ ಬೇರೆ. ಬಲವಂತವಾಗಿ ಒಂದರ ಜಾಗದಲ್ಲಿ ಇನ್ನೊಂದನ್ನು ತುರುಕಬಾರದು. ಬಿಡಿಸಿ ತೆಗೆಯಬಹುದಾದ ತಂತಿಗಳ ಎಸ್‌ಎಂಪಿಎಸ್ ಆಗಿದ್ದರೆ, ಬೇರೊಂದು ಎಸ್‌ಎಂಪಿಎಸ್‌ನ ತಂತಿಯನ್ನು ತಂದು ಹಾಕುವುದೂ ಅಪಾಯ. ಹೊರತುದಿ ಹೊಂದಿದರೂ ಒಳತುದಿಯ ಕ್ರಮ ಬದಲಾಗಿರಬಹುದು, ಭಾಗಗಳು ಸುಡಬಹುದು.

ಮೂರನೆಯದು ರ‍್ಯಾಮ್. ಎರಡೂ ಬದಿಯ ಕೊಕ್ಕೆಗಳು ತಾವಾಗಿ ಮುಚ್ಚಿಕೊಳ್ಳುವವರೆಗೆ, ಎರಡು ತುದಿಗಳಲ್ಲಿ ಸಮನಾಗಿ ಒತ್ತಬೇಕು. ಬೋರ್ಡಿನಲ್ಲಿ ನಾಲ್ಕು ಸಾಲುಗಳಿದ್ದು ಒಂದೇ ರ‍್ಯಾಮ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದ ಎರಡನೆಯ ಸಾಲಿನಲ್ಲಿ, ಎರಡಿದ್ದರೆ ಎರಡು ಮತ್ತು ನಾಲ್ಕನೆಯ ಸಾಲುಗಳಲ್ಲಿ ಹಾಕಬೇಕು. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಸಂಪರ್ಕಗಳಿದ್ದರೂ ನಡುವಿನ ಕಚ್ಚು ಬೇರೆಡೆಯಿದೆ. ಒಂದರ ಬೋರ್ಡಿನಲ್ಲಿ ಇನ್ನೊಂದು ಕೂರದು. ರ‍್ಯಾಮನ್ನು ರಬ್ಬರಿನಿಂದ ಉಜ್ಜುವ ಪದ್ಧತಿ ನಮ್ಮ ಅಂಗಡಿಗಳಲ್ಲಿ ಪ್ರಸಿದ್ಧ. ಅದು ಹಳೆಯ, ಕಿಲುಬು ಹಿಡಿದ ರ‍್ಯಾಮಿಗೆ ಸರಿ; ಪೊಟ್ಟಣದಿಂದ ಆಗತಾನೆ ತೆಗೆದದ್ದಕ್ಕೆ ಬೇಡ. ಇಲ್ಲಿ ತಾಳ್ಮೆಯ ಮಾತೂ ಒಂದಿದೆ. ಡಿಡಿಆರ್5 ರ‍್ಯಾಮ್ ಇರುವ ಯಂತ್ರ ಮೊದಲ ಬಾರಿ ಚಾಲೂ ಆಗುವಾಗ ರ‍್ಯಾಮಿನೊಡನೆ ಹೊಂದಾಣಿಕೆ ಮಾಡಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಆ ಹೊತ್ತಿನಲ್ಲಿ ಪರದೆ ಕಪ್ಪಾಗಿಯೇ ಇರುತ್ತದೆ. ಗಾಬರಿಯಿಂದ ಗುಂಡಿ ಒತ್ತಿ ಒತ್ತಿ ಆರಿಸಿದರೆ ಪ್ರತಿ ಬಾರಿಯೂ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಒಂದು ಲೋಟ ಚಹಾ ಕುಡಿದು ಬಂದು ನೋಡುವುದು ಉತ್ತಮ.

ಯಂತ್ರ ತಾನೇ ತನ್ನ ನೋವನ್ನು ಹೇಳುವ ವ್ಯವಸ್ಥೆಯೂ ಇದೆ. ಈಚಿನ ಅನೇಕ ಬೋರ್ಡುಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿದ್ದು ಅವುಗಳ ಬಳಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದಿರುತ್ತದೆ. ಪರೀಕ್ಷೆ ನಡೆಯುವಾಗ ಒಂದೊಂದೂ ಬೆಳಗಿ ಆರುತ್ತದೆ. ಯಾವುದು ಆರದೆ ನಿಲ್ಲುತ್ತದೆಯೋ ತೊಂದರೆ ಅಲ್ಲಿದೆ. ದೀಪಗಳಿಲ್ಲದ ಅಗ್ಗದ ಬೋರ್ಡಿಗೆ ಪುಟ್ಟ ಸ್ಪೀಕರ್ ಒಂದನ್ನು ಸಿಕ್ಕಿಸಿದರೆ ಬೀಪ್ ಸದ್ದಿನ ಎಣಿಕೆಯಿಂದ ಅದನ್ನೇ ತಿಳಿಯಬಹುದು. ಎಣಿಕೆಯ ಅರ್ಥ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಕೈಪಿಡಿಯ ಕೋಷ್ಟಕ ನೋಡಬೇಕು.

ಸಿಪಿಯು ದೀಪವೇ ನಿಂತರೆ ಎರಡು ಸಾಧ್ಯತೆಗಳು. ಒಂದು, ಪಿನ್ನು ಬಗ್ಗಿರುವುದು. ಎಎಂ4 ಮಾದರಿಯಲ್ಲಿ ಪಿನ್ನುಗಳು ಪ್ರೊಸೆಸರಿನ ಹೊಟ್ಟೆಯಲ್ಲಿವೆ, ಎಎಂ5 ಮತ್ತು ಇಂಟೆಲ್ ಎಲ್‌ಜಿಎ1700ರಲ್ಲಿ ಬೋರ್ಡಿನ ಸಾಕೆಟ್ಟಿನಲ್ಲಿವೆ. ಮೂಲೆಯ ಪುಟ್ಟ ತ್ರಿಕೋನ ಗುರುತುಗಳನ್ನು ಹೊಂದಿಸಿ, ಒತ್ತದೆ, ಸುಮ್ಮನೆ ಇಟ್ಟರೆ ಪ್ರೊಸೆಸರ್ ತಾನೇ ಕೂರಬೇಕು. ಬಗ್ಗಿದ ಪಿನ್ನು ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ. ಆದ್ದರಿಂದ ಕೊಳ್ಳುವಾಗ ಅಂಗಡಿಯಲ್ಲೇ ಮುಚ್ಚಳ ತೆರೆಸಿ ಸಾಕೆಟ್ಟಿನ ಫೋಟೋ ತೆಗೆದುಕೊಳ್ಳಬೇಕೆಂದು ನಾವು ಎಲ್ಲ ಪೋಷಕರಿಗೂ ಹೇಳುತ್ತೇವೆ. ಇನ್ನೊಂದು, ಬೋರ್ಡಿನ ಬಯೋಸ್ ಹಳೆಯದಾಗಿರುವುದು. 2018ರ ಬಿ450 ಬೋರ್ಡು 2020ರ ಕೊನೆಯಲ್ಲಿ ಬಂದ ರೈಜನ್ 5000 ಸರಣಿಯನ್ನು ಗುರುತಿಸಬೇಕಾದರೆ ಬಯೋಸ್ ಹೊಸದಾಗಿರಬೇಕು. 2022ರ ಆರಂಭದ ಎಚ್610 ಬೋರ್ಡಿಗೂ 2023ರ ಇಂಟೆಲ್ 14ನೆಯ ಪೀಳಿಗೆಗೂ ಇದೇ ಸಂಬಂಧ. ಬೋರ್ಡೂ ಚೆನ್ನಾಗಿದೆ, ಪ್ರೊಸೆಸರೂ ಚೆನ್ನಾಗಿದೆ, ಒಂದಕ್ಕೊಂದು ಪರಿಚಯವಿಲ್ಲ ಅಷ್ಟೇ. ಕೆಲವು ಬೋರ್ಡುಗಳಲ್ಲಿ ಪೆನ್‌ಡ್ರೈವಿನಿಂದ ನೇರವಾಗಿ ಬಯೋಸ್ ತುಂಬುವ ಗುಂಡಿ ಹಿಂಬದಿಯಲ್ಲಿರುತ್ತದೆ. ಇಲ್ಲದಿದ್ದರೆ ಅಂಗಡಿಯವರೇ ಹಳೆಯ ಪ್ರೊಸೆಸರ್ ಹಾಕಿ ನವೀಕರಿಸಿಕೊಡಬೇಕು. ಹಣ ಕೊಡುವ ಮೊದಲೇ ಇದನ್ನು ಕೇಳಿ ಮಾಡಿಸಿಕೊಳ್ಳುವುದು ಜಾಣತನ.

ಇಷ್ಟಾದರೂ ಫಲವಿಲ್ಲದಿದ್ದರೆ, ಪ್ಲಗ್ ಕಿತ್ತು, ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ತೆಗೆದು ಐದು ನಿಮಿಷ ಬಿಟ್ಟು ಮತ್ತೆ ಹಾಕಬೇಕು. ಬಯೋಸ್ ತನ್ನ ಮೂಲ ಸ್ಥಿತಿಗೆ ಮರಳುತ್ತದೆ.

ಅಕ್ಷರ ಬಂತು, ವಿಂಡೋಸ್ ಬರಲಿಲ್ಲ

‘ಬೂಟ್ ಮಾಡುವ ಸಾಧನವಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು ಕಂಡರೆ ಸಂತೋಷಪಡಬೇಕು. ಯಂತ್ರ ಆರೋಗ್ಯವಾಗಿದೆ. ಹೊಸ ಎಸ್‌ಎಸ್‌ಡಿ ಬರೆಯದ ಪಾಟಿಯಂತೆ ಖಾಲಿ. ಅದರಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ನಾವೇ ಸ್ಥಾಪಿಸಬೇಕು. ಬಯೋಸ್ ಪುಟದಲ್ಲಿ ಎಸ್‌ಎಸ್‌ಡಿಯ ಹೆಸರು ಕಾಣುತ್ತಿದೆಯೇ ಎಂದಷ್ಟೇ ನೋಡಿಕೊಳ್ಳಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೊಸ ಯಂತ್ರಕ್ಕೆ ಅದನ್ನು ಹಾಕಿಸಬಾರದು. ವಿಂಡೋಸ್ 11 ಅಥವಾ ಉಚಿತವಾದ ಉಬುಂಟು ಸಾಕು; ಎರಡರಲ್ಲೂ ಯುನಿಕೋಡ್ ಕನ್ನಡ ಟೈಪಿಂಗ್ ವ್ಯವಸ್ಥೆ ಲಭ್ಯವಿದೆ.

ಕೆಲವು ನಿಮಿಷ ಓಡಿ ತಾನೇ ಆರಿಹೋಗುವ ಯಂತ್ರವಿದ್ದರೆ ಪ್ರೊಸೆಸರಿನ ತಂಪುಕಾರಕವನ್ನು ಬಿಚ್ಚಿ ನೋಡಬೇಕು. ಅದರ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಪೊರೆ ತೆಗೆಯದೆ ಉಳಿದಿರಬಹುದು, ಅಥವಾ ನಾಲ್ಕು ಕಾಲುಗಳಲ್ಲಿ ಒಂದು ಕೂರದಿರಬಹುದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದು ಇನ್ನೂ ಬೇಗ ಆರುತ್ತದೆ.

ಒಂದು ಬಾರಿಗೆ ಒಂದೇ ಬದಲಾವಣೆ

ಶಾಲೆಯ ಪ್ರಯೋಗ ಪುಸ್ತಕದ ಕ್ರಮ ಇಲ್ಲಿ ನೇರವಾಗಿ ಒದಗಿಬರುತ್ತದೆ. ಒಂದು ಬಾರಿಗೆ ಒಂದನ್ನೇ ಬದಲಿಸಿ, ಚಾಲೂ ಮಾಡಿ, ಕಂಡದ್ದನ್ನು ನೋಟ್ ಪುಸ್ತಕದಲ್ಲಿ ಬರೆಯಬೇಕು: ‘ಎರಡನೆಯ ರ‍್ಯಾಮ್ ತೆಗೆದೆ, ದೀಪ ಡಿರ‍್ಯಾಮಿನಲ್ಲೇ ನಿಂತಿತು.’ ಬರೆಯುವ ಕೆಲಸ ಮಗುವಿನದಾಗಲಿ, ಕನ್ನಡದಲ್ಲೇ ಇರಲಿ. ಮೂರು ಭಾಗಗಳನ್ನು ಒಟ್ಟಿಗೆ ಬದಲಿಸಿ ಯಂತ್ರ ಓಡಿದರೆ ಯಾವುದು ತಪ್ಪಾಗಿತ್ತೆಂದು ತಿಳಿಯುವುದೇ ಇಲ್ಲ. ನಾಳೆ ಅದೇ ತಪ್ಪು ಮರಳಿದಾಗ ಮತ್ತೆ ಕತ್ತಲೆ.

ಕೊನೆಗೂ ಒಂದು ಭಾಗ ಕೆಟ್ಟಿದೆಯೆಂದೇ ಖಚಿತವಾದರೆ ಆ ಭಾಗ, ಅದರ ಪೆಟ್ಟಿಗೆ, ಬಿಲ್ಲು, ನೋಟ್ ಪುಸ್ತಕ ಇಷ್ಟನ್ನೇ ಒಯ್ದರೆ ಸಾಕು. ಹೊರಡುವ ಮೊದಲು ಅಂಗಡಿಗೆ ಫೋನ್ ಮಾಡಿ, ಬದಲಿಸಿಕೊಡುವ ಅವಧಿ ಎಷ್ಟು ದಿನ, ಅದು ಅಂಗಡಿಯ ಹೊಣೆಯೋ ತಯಾರಕರ ಸೇವಾಕೇಂದ್ರದ ಹೊಣೆಯೋ ಎಂದು ಕೇಳಿಕೊಳ್ಳಬೇಕು. ಬಿಲ್ಲಿನಲ್ಲಿ ಪ್ರತಿ ಭಾಗದ ಕ್ರಮಸಂಖ್ಯೆ ಬರೆಸಿಕೊಂಡಿರುವುದು ಇಲ್ಲಿ ಕೆಲಸಕ್ಕೆ ಬರುತ್ತದೆ; ಬಿಲ್ಲಿಲ್ಲದೆ ಕಡಿಮೆ ಬೆಲೆಗೆ ಕೊಂಡವರ ಮಾತು ಅಲ್ಲಿ ನಡೆಯುವುದಿಲ್ಲ. ಅಂಗಡಿಯವರು ನ್ಯಾಯವಾಗಿ ನಡೆದುಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಗಡಿಯ ಈಚೆಗಿರುವ ನಮಗೆ ಉಪಯುಕ್ತವಾದ ಇನ್ನೊಂದು ಅಂಶವಿದೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಸ್ಥಳದ ವ್ಯಾಪ್ತಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ವಸ್ತುವನ್ನು ಕೊಂಡದ್ದು ಬೆಂಗಳೂರಿನಲ್ಲಿ ಎಂಬ ಕಾರಣಕ್ಕೆ ಅಲ್ಲಿಗೇ ಅಲೆಯಬೇಕಾಗಿಲ್ಲ.